ಸೊರಬದಲ್ಲಿ ನೋಡಬಹುದು, ಬರೆಯಬಾರದು

ಆ ಭಾನುವಾರ ಮಾಡಿದ ಕೆಲಸಗಳು: ಅಂಗಳ ಗುಡಿಸಿ ನೀರು ಹಾಕಿದೆ. ಹಾಲು ಕಾಯಿಸಿ ಅತ್ತೆಗೆ ಕಾಫಿ ಕೊಟ್ಟೆ. ತಾಳಗುಂದದ ಮದುವೆಯಿಂದ ವಾಪಸು ಬಂದ ಕಡಾಯಿಗಳ ತಳಕ್ಕೆ ಪಾಯಸ ಹತ್ತಿಕೊಂಡಿತ್ತು, ಬೂದಿ ಹುಣಸೆಹಣ್ಣು ಹಾಕಿ ಎರಡನೇ ಸಲ ತಿಕ್ಕಿಸಿದೆ. ಜಮಖಾನಗಳನ್ನು ಹಿತ್ತಲಲ್ಲಿ ಬಿಸಿಲಿಗೆ ಹರವಿದೆ. ಅಂಗಡಿಯ ಬಾಗಿಲು ತೆಗೆದು, ಕಂಪ್ಯೂಟರಿನ ಹೊದಿಕೆ ಕೊಡವಿ, ಒಣಬಟ್ಟೆಯಲ್ಲಿ ಗಾಜು ಒರೆಸಿದೆ. ಜೋಳದ ಹಿಟ್ಟು ಜರಡಿ ಹಿಡಿದೆ. ಬದನೆಕಾಯಿ ಸೀಳಿ ಉಪ್ಪುನೀರಿಗೆ ಹಾಕಿದೆ. ಸೊರಬದಿಂದ ಮೈದುನ, ವಾರಗಿತ್ತಿ ಬರುವವರಿದ್ದರು. ಶಿವಮೊಗ್ಗದಿಂದ ಕಂಪ್ಯೂಟರಿನವರು ಬರುವವರಿದ್ದರು. ಎಷ್ಟು ಜನಕ್ಕೆ ರೊಟ್ಟಿ ಬಡಿಯಬೇಕು ಅನ್ನುವುದೊಂದೇ ಅವತ್ತಿನ ಚಿಂತೆಯಾಗಿದ್ದರೆ ಎಷ್ಟು ಚೆನ್ನಾಗಿರುತ್ತಿತ್ತು.

ನಮ್ಮದು ಶಾಮಿಯಾನ, ಕುರ್ಚಿ, ಅಡುಗೆ ಪಾತ್ರೆ ಬಾಡಿಗೆಗೆ ಕೊಡುವ ವ್ಯಾಪಾರ. ಮಾವನವರು ಶಿಕಾರಿಪುರದಲ್ಲಿ ಒಂದು ಸಣ್ಣ ಕೋಣೆಯಲ್ಲಿ ಕೆಲವು ಹಂಡೆ, ಕಡಾಯಿ ಇಟ್ಟುಕೊಂಡು ಶುರು ಮಾಡಿದ್ದು. ಅವರು ಹೋದ ಮೇಲೆ ನಮ್ಮ ಯಜಮಾನರು ಬೆಳೆಸಿದರು. ಮೈದುನನ ಮದುವೆಯಾದ ಮೇಲೆ ಸೊರಬದಲ್ಲಿ ಇನ್ನೊಂದು ಅಂಗಡಿ ತೆರೆದೆವು. ಅಂಗಡಿ ಅಂದರೆ ಒಂದು ಮೇಜು, ಒಂದು ಬೆಂಚು, ಒಂದು ಫೋನು ಅಷ್ಟೆ. ಸಾಮಾನೆಲ್ಲ ಶಿಕಾರಿಪುರದ ಗೋದಾಮಿನಲ್ಲೇ. ಮೈದುನ ಟೆಂಪೋದಲ್ಲಿ ಊರೂರು ತಿರುಗಿ ಕಂಬ ನೆಡಿಸುವವನು. ಹಾಗಾಗಿ ಸೊರಬದ ಮೇಜಿನ ಹಿಂದೆ ಕೂತವಳು ವಾರಗಿತ್ತಿ. ಅವಳ ತವರೂ ಆ ಕಡೆಯದೇ. ಬಂದವರನ್ನು ಯಾರ ಮನೆ, ಯಾವ ಕೇರಿ ಎಂದು ಕೇಳಿ ಹೇಗಾದರೂ ಒಂದು ನೆಂಟಸ್ತಿಕೆ ಹುಡುಕಿಬಿಡುತ್ತಿದ್ದಳು. ಮದುವೆಯಾಗಿ ನಮ್ಮ ಮನೆಗೆ ಬಂದ ಹೊಸದರಲ್ಲಿ ಬಾಯಿ ಬಿಡದೆ ಅಡುಗೆಮನೆಯ ಮೂಲೆಯಲ್ಲಿ ಇರುತ್ತಿದ್ದವಳು ಆ ಮೇಜಿನ ಹಿಂದೆ ಕೂತ ಮೇಲೆ ಬೇರೆಯೇ ಮನುಷ್ಯಳಾದಳು. ಆ ಜಾಗ ಅವಳಿಗೆ ಎಷ್ಟು ದೊಡ್ಡದಾಗಿತ್ತು ಅನ್ನುವುದು ನನಗೆ ಗೊತ್ತಿತ್ತು.

ಎರಡು ಅಂಗಡಿ, ಒಂದೇ ಗೋದಾಮು. ಲಗ್ನದ ದಿನಗಳು ಎಲ್ಲರಿಗೂ ಒಂದೇ. ಇಲ್ಲಿ ಒಪ್ಪಿಕೊಂಡದ್ದು ಅಲ್ಲಿ ಗೊತ್ತಾಗಬೇಕು, ಅಲ್ಲಿ ಒಪ್ಪಿಕೊಂಡದ್ದು ಇಲ್ಲಿ. ಮೊದಲು ಸಂಜೆ ಹೊತ್ತು ಫೋನಿನಲ್ಲಿ ನಾನೂ ಅವಳೂ ದಿನದ ಬುಕಿಂಗುಗಳನ್ನು ಓದಿ ಹೇಳಿಕೊಳ್ಳುತ್ತಿದ್ದೆವು. ಬುಕಿಂಗ್ ಎರಡು ಇದ್ದರೆ ಮಾತು ಇಪ್ಪತ್ತು. ಯಜಮಾನರು ಆಚೆಯಿಂದ, "ಶಾಮಿಯಾನದ ಲೆಕ್ಕ ಮುಗೀತಾ, ಇಲ್ಲ ಸೊರಬದ ಸಂತೇಲಿ ಹೀರೇಕಾಯಿ ಹೆಂಗೈತೆ ಅಂತ ಇನ್ನೂ ಕೇಳಬೇಕಾ" ಅನ್ನುತ್ತಿದ್ದರು.

ತೊಂಬತ್ತರ ದಶಕ ಅರ್ಧ ದಾಟಿದ ಮೇಲೆ ಯಜಮಾನರಿಗೆ ಕಂಪ್ಯೂಟರಿನ ಮೇಲೆ ಮನಸ್ಸಾಯಿತು. ಶಿವಮೊಗ್ಗದ ಒಬ್ಬರು ಸಣ್ಣ ಅಂಗಡಿಗಳಿಗೆ ಲೆಕ್ಕಪತ್ರದ ಪ್ರೋಗ್ರಾಮ್ ಬರೆದುಕೊಡುತ್ತಾರೆಂದು ಯಾರೋ ಹೇಳಿದ್ದರು. ಅವರು ಬಂದು ಒಂದು ದಿನವಿಡೀ ಕೂತು, ವರ್ಷದ ಪ್ರತಿ ದಿನಕ್ಕೂ ಒಂದು ಹಾಳೆಯಂತೆ ಮಾಡಿಕೊಟ್ಟರು. ದಿನ ತೆರೆದರೆ ಯಾರ ಮದುವೆ, ಯಾವ ಊರು, ಯಾವ ಶಾಮಿಯಾನ, ಎಷ್ಟು ಪಾತ್ರೆ, ಎಲ್ಲ ಇಂಗ್ಲಿಷ್ ಅಕ್ಷರದಲ್ಲಿ ಬರೆದ ಕನ್ನಡ. ಕೊನೆಗೆ ಪಹಣಿಯಲ್ಲಿ ಇರುವ ಹಾಗೆ ಟಿಪ್ಪಣಿ ಬರೆಯಲು ಒಂದು ಷರಾ ಕಲಂ ಬೇಕೆಂದು ಯಜಮಾನರು ಹೇಳಿ ಹಾಕಿಸಿದರು. ಷರಾ ಇಲ್ಲದ ಬರಹ ಅವರಿಗೆ ಬರಹವೇ ಅಲ್ಲ.

ಮೊದಲು ಅಂಗಡಿಯಲ್ಲಿ ಒಂದು ಕಂಪ್ಯೂಟರ್, ಆಮೇಲೆ ಗೋದಾಮಿನಲ್ಲಿ ಇನ್ನೊಂದು. ಎರಡಕ್ಕೂ ನಡುವೆ ಒಂದು ಕಪ್ಪು ವೈರು, ಹಿತ್ತಲು ದಾಟಿ ಪೇರಲೆ ಮರದ ಕೊಂಬೆಗೆ ಕಟ್ಟಿಸಿಕೊಂಡು ಹೋಗಿತ್ತು. ನಾನು ಅಂಗಡಿಯಲ್ಲಿ ಬರೆದದ್ದು ಅವರಿಗೆ ಗೋದಾಮಿನಲ್ಲಿ ಕಾಣುತ್ತಿತ್ತು. ನಾನು ಒಂದು ದಿನದ ಹಾಳೆ ತೆರೆದು ಕೂತಿದ್ದರೆ, ಅದೇ ದಿನವನ್ನು ಅವರು ಅಲ್ಲಿ ತೆರೆಯಲು ಹೋದರೆ ಕಂಪ್ಯೂಟರ್ ಬಿಡುತ್ತಿರಲಿಲ್ಲ. 'ಬೇರೆಯವರು ಬರೆಯುತ್ತಿದ್ದಾರೆ, ಕಾಯಿರಿ' ಎಂದು ಬರುತ್ತಿತ್ತು. ಇಬ್ಬರು ಒಂದೇ ಸಲ ಬರೆದು ಒಬ್ಬರದ್ದು ಅಳಿಸಿ ಹೋಗಬಾರದಲ್ಲ, ಅದಕ್ಕೆ. ಯಜಮಾನರು ಗೋದಾಮಿನ ಬಾಗಿಲಿಗೆ ಬಂದು, "ಎಷ್ಟೊತ್ತು ಕಾಯಾದೇ, ಮುಗಿಸು" ಎಂದು ಕೂಗುತ್ತಿದ್ದರು. ಮನೆಯಲ್ಲಿ ನನಗಾಗಿ ಅವರು ಕಾದದ್ದು ಅದೇ ಮೊದಲು ಎಂದು ಅತ್ತೆ ನಗುತ್ತಿದ್ದರು.

ಸೊರಬದ್ದೇ ಕಷ್ಟವಾದದ್ದು. ಅಲ್ಲಿಗೂ ಒಂದು ಹಳೆಯ ಕಂಪ್ಯೂಟರ್ ಕೊಟ್ಟು, ಮೊದಮೊದಲು ಫ್ಲಾಪಿಯಲ್ಲಿ ಕಳಿಸುತ್ತಿದ್ದೆವು. ಬೆಳಗಿನ ಬಸ್ಸಿನ ಕಂಡಕ್ಟರ್ ಕೈಗೆ ಫ್ಲಾಪಿ ಕೊಟ್ಟರೆ ಶಿರಾಳಕೊಪ್ಪದ ಮೇಲೆ ಸೊರಬಕ್ಕೆ ಹೋಗಿ, ಸಂಜೆ ಅಲ್ಲಿಯ ಬುಕಿಂಗ್ ತುಂಬಿಕೊಂಡು ವಾಪಸು. ಬರಿಯ ಫ್ಲಾಪಿ ಕಳಿಸಲು ಮನಸ್ಸು ಬಾರದೆ ನಾನು ಅದರ ಜೊತೆ ಡಬ್ಬಿಯಲ್ಲಿ ಶೇಂಗಾ ಚಟ್ನಿಪುಡಿ ಹಾಕಿದರೆ, ಅವಳು ಅದೇ ಡಬ್ಬಿಯಲ್ಲಿ ಮಿಡಿ ಉಪ್ಪಿನಕಾಯಿ ಕಳಿಸುತ್ತಿದ್ದಳು. ಒಂದು ಸಲ ಉಪ್ಪಿನಕಾಯಿಯ ರಸ ಸೋರಿ ಫ್ಲಾಪಿ ಕೆಟ್ಟಿತು. ಅದಲ್ಲದೆ, ಫ್ಲಾಪಿ ಬಸ್ಸಿನಲ್ಲಿರುವಾಗ ಇಲ್ಲಿ ಒಂದು ಬರೆದಿರುತ್ತಿದ್ದೆವು, ಅಲ್ಲಿ ಅವಳೊಂದು ಬರೆದಿರುತ್ತಿದ್ದಳು, ಯಾವುದು ಹೊಸದು ಯಾವುದು ಹಳೆಯದು ತಿಳಿಯುತ್ತಿರಲಿಲ್ಲ. ಕೊನೆಗೆ ಮೋಡೆಮ್ ಬಂತು.

ಮೋಡೆಮ್ ಅಂದರೆ ಟೆಲಿಫೋನಿನ ವೈರಿಗೆ ಸಿಕ್ಕಿಸುವ ಒಂದು ಪೆಟ್ಟಿಗೆ. ಅವಳು ಸೊರಬದಿಂದ ನಮ್ಮ ನಂಬರಿಗೆ ಹಚ್ಚಿದರೆ ನಮ್ಮ ಪೆಟ್ಟಿಗೆಯೇ ಎತ್ತಿಕೊಂಡು, ಕಿರ್ರೆಂದು ಕಿರುಚಿ, ನಮ್ಮ ಕಂಪ್ಯೂಟರಿನೊಳಗಿನ ಪಟ್ಟಿಯನ್ನೇ ಅವಳ ಎದುರಿಗೆ ಹಿಡಿಯುತ್ತಿತ್ತು. ನಮ್ಮ ಚಿಕ್ಕಮ್ಮ ಒಬ್ಬರು ಹಬ್ಬಕ್ಕೆ ಕರೆಯಲು ಫೋನು ಮಾಡಿ, ಆ ಕಿರುಚಾಟ ಕೇಳಿ ಹೆದರಿ, ಮನೆಯಲ್ಲಿ ಎಲ್ಲ ಸೌಖ್ಯವೇ ಎಂದು ನೋಡಲು ಬಸ್ಸು ಹತ್ತಿ ಬಂದಿದ್ದರು. ಎಸ್‌ಟಿಡಿ ಬಿಲ್ಲು ಏರಬಾರದೆಂದು ಅವಳು ಗಿರಾಕಿ ಬಂದಾಗ ಮಾತ್ರ ಹಚ್ಚಿ, ದಿನ ಖಾಲಿ ಇದೆಯೋ ನೋಡಿ, ಬರೆದು, ಕೂಡಲೇ ಕತ್ತರಿಸುತ್ತಿದ್ದಳು. ಈಗ ಮೂರು ಜಾಗದಿಂದಲೂ ಒಂದೇ ಪಟ್ಟಿ. ಆದರೆ ಸಂಜೆಯ ಫೋನು ನಿಂತಿತು. ಓದಿ ಹೇಳುವುದು ಏನೂ ಉಳಿದಿರಲಿಲ್ಲ.

ಅದಕ್ಕೂ ನಾವೊಂದು ದಾರಿ ಮಾಡಿಕೊಂಡೆವು. ಆಷಾಢದಲ್ಲಿ ಮದುವೆ ಇಲ್ಲ, ಆ ಹಾಳೆಗಳನ್ನು ಯಾರೂ ತೆರೆಯುವುದಿಲ್ಲ. ಅಲ್ಲಿಯ ಷರಾ ಕಲಂನಲ್ಲಿ ಅವಳು ಒಂದು ಸಾಲು ಬರೆಯುವುದು, ನಾನೊಂದು ಬರೆಯುವುದು. 'ಅಕ್ಕಾ ಗುಡವಿ ಕೆರೆಗೆ ಹಕ್ಕಿ ಬಂದಿವೆ, ಒಂದು ದಿನ ಬಾ.' 'ಅತ್ತೆಗೆ ಮಂಡಿನೋವು, ನಿನ್ನ ಎಣ್ಣೆ ಕಳಿಸು.' ಯಜಮಾನರು ಒಂದು ದಿನ ಏನೋ ಹುಡುಕುತ್ತ ಆ ಹಾಳೆ ತೆರೆದು, ಓದಿ, ತಾವೂ ಕೆಳಗೊಂದು ಸಾಲು ಬರೆದಿದ್ದರು: 'ಸರ್ಕಾರಿ ದಾಖಲೆಯಲ್ಲಿ ಹರಟೆ ನಿಷೇಧ.' ಆ ಸಾಲನ್ನು ಅವಳು ಸೊರಬದಲ್ಲಿ ಓದಿ ನಕ್ಕ ನಗುವಿಗೆ ಬೆಂಚಿನ ಮೇಲಿದ್ದ ಗಿರಾಕಿ ಗಾಬರಿಯಾದನಂತೆ. ಅವರು ಹಾಗೂ ಇದ್ದರು ಅನ್ನುವುದನ್ನು ನಾನು ಇಲ್ಲಿ ಬರೆಯಲೇಬೇಕು.

ನಮ್ಮ ಮನೆಯ ಪದ್ಧತಿ ಒಂದಿತ್ತು. ಬುಕಿಂಗಿಗೆ ಬಂದವರಿಂದ ಮುಂಗಡ ಕೇಳುತ್ತಿರಲಿಲ್ಲ. ಅವರು ಎಲೆ ಅಡಿಕೆ ತರುತ್ತಿದ್ದರು. ಅದನ್ನು ಎರಡು ಕೈಯಲ್ಲಿ ಹಿಡಿದು, ಕಣ್ಣಿಗೊತ್ತಿಕೊಂಡು, ದೇವರ ಮುಂದಿಟ್ಟು ಬಂದು ಬರೆದುಕೊಳ್ಳುವುದು. ಎಲೆ ಅಡಿಕೆ ಹಿಡಿದರೆ ಮಾತು ಕೊಟ್ಟ ಹಾಗೆ. ಇನ್ನೊಂದು, ರಾಹುಕಾಲದಲ್ಲಿ ಮದುವೆಯ ಹೆಸರು ಬರೆಯಬಾರದು. ಮಾವನವರ ಕಾಲದಲ್ಲಿ ಬಂದವರು ಬೆಂಚಿನ ಮೇಲೆ ಕೂತು ಚಹಾ ಕುಡಿದು, ಮಳೆ ಬೆಳೆ ಮಾತಾಡಿ, ರಾಹುಕಾಲ ಕಳೆದ ಮೇಲೆ ಬರೆಸಿ ಹೋಗುತ್ತಿದ್ದರು. ಆಗ ಬರೆಯುವ ಕೈ ಒಂದೇ. ಅದು ಕಾದರೆ ಎಲ್ಲರೂ ಕಾದ ಹಾಗೆ. ಮೂರು ಜಾಗದಿಂದ ಬರೆಯುವಾಗ ಒಬ್ಬರು ಕಾದು ಇನ್ನೊಬ್ಬರು ಕಾಯದಿದ್ದರೆ ಏನಾಗುತ್ತದೆ ಎಂದು ನಮಗೆ ಹೊಳೆಯಲಿಲ್ಲ. ಕಂಪ್ಯೂಟರಿನವರು ನಮ್ಮ ವ್ಯಾಪಾರದ ನಿಯಮಗಳನ್ನೆಲ್ಲ ಕೇಳಿ ಬರೆದುಕೊಂಡಿದ್ದರು. ರಾಹುಕಾಲವನ್ನು ಅವರಿಗೆ ಹೇಳಬೇಕೆಂದು ಯಾರಿಗೂ ಅನಿಸಲಿಲ್ಲ. ಉಸಿರಾಡುತ್ತೇವೆ ಎಂದು ಯಾರಾದರೂ ಹೇಳುತ್ತಾರೆಯೇ.

ಅದೊಂದು ಶುಕ್ರವಾರ. ಗುಡವಿ ಕಡೆಯ ಒಬ್ಬ ಅಜ್ಜ ಮೊಮ್ಮಗಳ ಮದುವೆಗೆಂದು ಸೊರಬದ ಅಂಗಡಿಗೆ ಬಂದರು. ದೊಡ್ಡ ಶಾಮಿಯಾನ ಬೇಕು, ಸಾವಿರ ಜನದ ಅಡುಗೆಯ ಪಾತ್ರೆ ಬೇಕು. ಅಂಥ ಸೆಟ್ಟು ನಮ್ಮಲ್ಲಿ ಇದ್ದದ್ದು ಒಂದೇ. ಅವಳು ಮೋಡೆಮ್ ಹಚ್ಚಿ ನೋಡಿದಳು, ದಿನ ಖಾಲಿ ಇತ್ತು. ಎಲೆ ಅಡಿಕೆ ಹಿಡಿದಳು, ಒಳಗೆ ಹೋಗಿ ದೇವರ ಮುಂದಿಟ್ಟಳು. ಅಜ್ಜ ಅವಳ ಸೋದರಮಾವನಿಗೆ ಪರಿಚಯವಂತೆ, ಆ ಮಾತು ಸ್ವಲ್ಪ ಆಯಿತು. ಬಂದು ಕೂತು ಗಡಿಯಾರ ನೋಡಿದರೆ ಹತ್ತೂವರೆ. ಶುಕ್ರವಾರದ ರಾಹುಕಾಲ ಶುರುವಾಗಿತ್ತು. ಫೋನು ಸುಮ್ಮನೆ ಓಡುತ್ತಿದೆಯಲ್ಲ ಎಂದು ಕತ್ತರಿಸಿದಳು. ಹನ್ನೆರಡಕ್ಕೆ ಬರೆಯುತ್ತೇನೆ ಎಂದು ಅಜ್ಜನನ್ನು ಕಳಿಸಿಕೊಟ್ಟಳು. ಆ ಹಾಳೆಯನ್ನು ತೆರೆದಿಟ್ಟುಕೊಂಡೇ ಕೂತಿದ್ದರೆ ನಮಗಿಲ್ಲಿ 'ಕಾಯಿರಿ' ಎಂದು ಬರುತ್ತಿತ್ತು. ಅವಳು ಬಿಲ್ಲಿನ ಉಳಿತಾಯ ನೋಡಿದಳು, ಅದೂ ನಮ್ಮದೇ ಬಿಲ್ಲು.

ಆ ಹೊತ್ತಿನಲ್ಲೇ ಶಿಕಾರಿಪುರಕ್ಕೆ ಬಂದಳಿಕೆ ಕಡೆಯವರು ಬಂದರು. ಅದೇ ದಿನ, ಅದೇ ಸೆಟ್ಟು. ನಾನು ಹಿತ್ತಲಲ್ಲಿ ಪಾತ್ರೆ ತಿಕ್ಕುವವರ ಹತ್ತಿರ ಇದ್ದೆ. ಯಜಮಾನರು ಗೋದಾಮಿನ ಕಂಪ್ಯೂಟರಿನ ಮುಂದೆ ಕೂತದ್ದು ಕಿಟಕಿಯಿಂದ ಕಂಡಿತು.

"ಏನ್ರೀ, ರಾಹುಕಾಲ ಅಲ್ವಾ," ಅಂದೆ.

"ಕಂಪ್ಯೂಟರಿಗೆ ಎಂಥ ರಾಹುಕಾಲ. ಅದೇನು ಕೂಸಾ, ಜಾತಕ ಬರೆಸಾಕೆ? ಇವರಿಗೆ ಬಸ್ಸಿಗೆ ಹೊತ್ತಾಗತೈತೆ," ಎಂದು ಬರೆದೇಬಿಟ್ಟರು. ಬಂದವರು ನಕ್ಕರು. ದಿನ ಖಾಲಿ ಇದ್ದದ್ದರಿಂದ ನನಗೂ ಅದು ಅಲ್ಲಿಗೇ ಮುಗಿದ ಮಾತು ಅನಿಸಿತು.

ಹನ್ನೆರಡು ಹೊಡೆದ ಮೇಲೆ ವಾರಗಿತ್ತಿ ಮತ್ತೆ ಹಚ್ಚಿದಳು. ಹಾಳೆ ತುಂಬಿತ್ತು. ಬಾಯಿಮಾತಲ್ಲಿ ಕೇಳೋಣವೆಂದು ಫೋನು ಮಾಡಿದರೆ ನಮ್ಮ ಪೆಟ್ಟಿಗೆ ಎತ್ತಿಕೊಂಡು ಕಿರುಚುತ್ತದೆ. ಆಷಾಢದ ಷರಾದಲ್ಲಿ 'ಅಕ್ಕಾ ಎಲ್ಲಿದೀಯ, ಮೋಡೆಮ್ ಕಿತ್ತು ಫೋನು ಎತ್ತು' ಎಂದು ಬರೆದಳಂತೆ. ನಾನು ಅದನ್ನು ಓದುವ ಹೊತ್ತಿಗೆ ಅವಳೇ ಬಸ್ಸಿಳಿದು ಅಂಗಡಿಯ ಮೆಟ್ಟಿಲು ಹತ್ತುತ್ತಿದ್ದಳು. ಊಟ ಮಾಡಿರಲಿಲ್ಲ. ತಲೆಯ ತುಂಬ ಧೂಳು.

"ಭಾವ, ಆ ದಿನ ನಾನು ಎಲೆ ಅಡಿಕೆ ಹಿಡಿದಾಗಿದೆ," ಅಂದಳು. "ಬಂದಳಿಕೆಯವ್ರಿಗೆ ಹೇಳಿ. ಅವ್ರು ಕೊಟ್ಟಿದ್ದು ಆಮೇಲೆ."

ಯಜಮಾನರು ಪಟ್ಟಿ ತೋರಿಸಿದರು. "ನೋಡಮ್ಮ, ಇಲ್ಲಿ ಮೊದಲು ಬರೆದದ್ದು ಯಾರು?"

"ಬರ್ದಿದ್ದು ನೀವು. ಹಿಡಿದಿದ್ದು ನಾನು."

"ಹಿಡಿದದ್ದು ನನಗೆ ಹೆಂಗ್ ಕಾಣಬೇಕು, ಮೂವತ್ತು ಮೈಲಿಯಿಂದ?"

ನಿಜ ಹೇಳಬೇಕೆಂದರೆ ಅವರ ಮಾತಿನಲ್ಲೂ ತಪ್ಪಿರಲಿಲ್ಲ. ಬಂದಳಿಕೆಯವರ ಎಲೆ ಅಡಿಕೆಯನ್ನು ಅವರೂ ಹಿಡಿದಿದ್ದರು. ಇಬ್ಬರೂ ಮಾತು ಕೊಟ್ಟಿದ್ದರು, ಶಾಮಿಯಾನ ಒಂದೇ ಇತ್ತು. ಅತ್ತೆ ಗೋಡೆಗೆ ಒರಗಿ ಕೂತಿದ್ದವರು ಕಂಪ್ಯೂಟರಿನ ಕಡೆ ಕೈ ತೋರಿಸಿ, "ಆಯುಧಪೂಜೇಲಿ ಅದಕ್ಕೆ ವಿಭೂತಿ ಹಚ್ಚಿದೀಯ, ಊದಿನಕಡ್ಡಿ ಬೆಳಗಿದೀಯ. ಪೂಜೆ ಬೇಕು, ರಾಹುಕಾಲ ಬ್ಯಾಡ ಅಂದ್ರೆ ಹೆಂಗಪ್ಪ," ಅಂದರು. ಮಗ ಕೇಳಿಸದವರ ಹಾಗೆ ಗೋದಾಮಿಗೆ ಹೋದರು. ಬರೆದದ್ದೇ ಉಳಿಯಿತು, ಶಾಮಿಯಾನ ಬಂದಳಿಕೆಗೇ.

ಮೈದುನ ಸಾಗರದ ಕಡೆಯಿಂದ ಬೇರೆಯವರ ಶಾಮಿಯಾನ ತರಿಸಿಕೊಡುತ್ತೇನೆಂದು ಅಜ್ಜನ ಮನೆಗೇ ಹೋಗಿ ಕೇಳಿಕೊಂಡ. ಅವರು ಕುಡಿಯಲು ಪಾನಕ ಕೊಟ್ಟು ಕಳಿಸಿದರು. ಆದರೆ ಎರಡು ದಿನ ಬಿಟ್ಟು ಅಜ್ಜನೇ ಸೊರಬದ ಅಂಗಡಿಗೆ ಬಂದರಂತೆ. ಬೆಂಚಿನ ಮೇಲೆ ಕೂರಲಿಲ್ಲವಂತೆ. "ಎಲೆ ಅಡಿಕೆ ವಾಪಸ್ ಕೊಡು ತಾಯಿ. ಒಂದು ಕಡೆ ಕೊಟ್ಟಿದ್ದು ಹಾಗೇ ಇದ್ರೆ ಇನ್ನೊಂದು ಕಡೆ ಕೊಡಕ್ಕೆ ಬರಲ್ಲ," ಅಂದರಂತೆ.

ನಮ್ಮ ಅಂಗಡಿಯಲ್ಲಿ ಹಾಗೆ ಯಾರೂ ಕೇಳಿದ್ದಿಲ್ಲ. ಅವಳು ದೇವರ ಮುಂದಿನಿಂದ ಅದನ್ನು ತೆಗೆದುಕೊಂಡು ಬಂದಳು. ಎಲೆ ಬಾಡಿ ಸುರುಟಿತ್ತು. ಎರಡು ಕೈಯಲ್ಲಿ ಕೊಟ್ಟಳು, ಅಜ್ಜ ಎರಡು ಕೈಯಲ್ಲಿ ತೆಗೆದುಕೊಂಡರು. "ಬೈದಿದ್ರೆ ಚೊಲೋ ಇತ್ತು ಅಕ್ಕ," ಎಂದು ಆಮೇಲೆ ನನ್ನ ಹತ್ತಿರ ಹೇಳಿದಳು. "ಎಂಥದೂ ಬೈಲಿಲ್ಲ. ನಿನ್ ಸೋದರಮಾವನ್ನ ಕೇಳ್ದೆ ಅಂತ ಹೇಳು ಅಂದು ಹೋದ್ರು. ನಾನು ಇನ್ನು ಯಾವ ಮುಖ ಇಟ್ಕೊಂಡು ಆ ಕಡೆಯವ್ರ ಹತ್ರ ಎಲೆ ಅಡಿಕೆ ಹಿಡೀಲಿ?"

ಇದಾದ ಮೇಲೆ ಯಜಮಾನರು ಶಿವಮೊಗ್ಗಕ್ಕೆ ಫೋನು ಮಾಡಿ ಕಂಪ್ಯೂಟರಿನವರನ್ನು ಕರೆಸಿದರು. ತಮ್ಮನನ್ನೂ ಅವನ ಹೆಂಡತಿಯನ್ನೂ ಬರಹೇಳಿದರು. ಎದುರಿಗೇ ಆಗಲಿ, ಹಿಂದಿನಿಂದ ಮಾಡಿದರು ಅನ್ನುವ ಮಾತು ಬರಬಾರದು ಎಂದು. ಅದೇ ಆ ಭಾನುವಾರ.

ಕಂಪ್ಯೂಟರಿನವರು ರೊಟ್ಟಿ ಊಟ ಮಾಡಿ, ಕೈ ಒರೆಸಿಕೊಂಡು ಕೂತರು. ಸಣ್ಣ ವಯಸ್ಸಿನವರೇನಲ್ಲ, ಕನ್ನಡಕದ ಒಂದು ಕಾಲಿಗೆ ದಾರ ಕಟ್ಟಿಕೊಂಡಿದ್ದರು. "ಏನಾಗಬೇಕು ಸಾರ್?" ಅಂದರು.

"ಸೊರಬದಲ್ಲಿ ನೋಡಬಹುದು, ಬರೆಯಬಾರದು. ಹಂಗ್ ಮಾಡಿ ಕೊಡ್ರಿ," ಅಂದರು ಯಜಮಾನರು. "ಗಿರಾಕಿ ಬಂದ್ರೆ ಅಲ್ಲಿಂದ ನಮಗೆ ಹೇಳಲಿ. ಇಲ್ಲಿ ನಾವು ಬರೀತೀವಿ. ಒಂದೇ ಕಡೆ ಬರೆದ್ರೆ ಗೊಂದಲ ಇಲ್ಲ."

ಮೈದುನ ಹೊರಗೆ ಟೆಂಪೋದ ಟೈರಿಗೆ ಒದೆಯುತ್ತ ನಿಂತಿದ್ದ. ಅವನು ಅಣ್ಣನ ಎದುರು ಎಂದೂ ಮಾತಾಡಿದವನಲ್ಲ. ವಾರಗಿತ್ತಿ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದಳು.

"ಮಾಡಬಹುದು ಸಾರ್, ಹತ್ತು ನಿಮಿಷದ ಕೆಲಸ," ಅಂದರು ಅವರು. "ಆದ್ರೆ ಎರಡೂ ಕಡೆ ಬರೆಯೋ ಹಾಗೆ ಮಾಡೋಕೆ ನಾನು ಎಷ್ಟು ದಿನ ಒದ್ದಾಡಿದೀನಿ ಗೊತ್ತಲ್ಲ. ಏನು ತೊಂದ್ರೆ ಆಯ್ತು ಹೇಳಿ, 'ಕಾಯಿರಿ' ಅನ್ನೋ ಲಾಕು ಕೆಲಸ ಮಾಡಲಿಲ್ವಾ?"

ಆಗ ನಾನೇ ಹೇಳಿದೆ. ಎಲೆ ಅಡಿಕೆ ಹಿಡಿದದ್ದು, ರಾಹುಕಾಲ ಬಂದದ್ದು, ಅವಳು ಕಾದದ್ದು, ಇಲ್ಲಿ ಬರೆದದ್ದು. ಅವರು ಕೇಳುತ್ತ ಕೇಳುತ್ತ ಕನ್ನಡಕ ತೆಗೆದರು.

"ಅಯ್ಯೋ, ಇಷ್ಟೇನಾ. ಮೊದಲೇ ಹೇಳಿದ್ರೆ 'ಹಿಡಿದಾಗಿದೆ, ಬರೆಯುವುದು ಬಾಕಿ' ಅಂತ ಒಂದು ಗುರುತು ಇಡ್ತಿದ್ದೆ. ಹೆಸರು ಬರೆಯೋದು ಬೇಡ, ಏನೂ ಬೇಡ. ಬರೀ ಒಂದು ಗುರುತು. ಅದಿದ್ರೆ ಇಲ್ಲಿ ಯಾರೂ ಆ ದಿನ ಮುಟ್ಟೋಕೆ ಆಗ್ತಿರಲಿಲ್ಲ. ನಿಮ್ಮ ರಾಹುಕಾಲ ಪಂಚಾಂಗದಲ್ಲಿ ಗೊತ್ತಿರೋದೇ ಅಲ್ವಾ, ಬೇಕಾದ್ರೆ ಕಂಪ್ಯೂಟರೇ ಆ ಹೊತ್ತಲ್ಲಿ ಎಲ್ಲರನ್ನೂ ತಡೆಯೋ ಹಾಗೂ ಮಾಡಬಹುದು."

"ಎಲ್ಲರನ್ನೂ?" ಎಂದು ಅತ್ತೆ ಒಳಗಿನಿಂದ ಕೇಳಿದರು. "ಯಜಮಾನರನ್ನೂ?"

"ಎಲ್ಲರನ್ನೂ ಅಮ್ಮ."

ಅತ್ತೆ ಸಣ್ಣಗೆ ನಕ್ಕದ್ದು ಎಲ್ಲರಿಗೂ ಕೇಳಿಸಿತು. ಆ ನಗು ಆ ಹೊತ್ತಿಗೆ ಬೇಡವಾಗಿತ್ತು. ಯಜಮಾನರ ಮುಖ ಬಿಗಿಯಿತು. ನಾನು ನಡುವೆ ಬಂದು, "ಏನ್ರೀ, ಆ ಗುರುತೇ ಇಡಿಸ್ರಿ. ಅರ್ಧ ದಿನದ ಕೆಲಸ ಆಗಬಹುದು, ಇವತ್ತೇ ಮುಗಿಸ್ತಾರೆ," ಅಂದೆ.

"ಬ್ಯಾಡ. ಒಂದು ಸಲ ಮಾತು ಹೋದದ್ದು ಸಾಕು. ಗುರುತು ಇಡಾದು ಮರೆತ್ರೆ ಮತ್ತೆ ಇದೇ ಕಥೆ."

ವಾರಗಿತ್ತಿ ಆಗ ಮಾತಾಡಿದಳು. ದನಿ ಎತ್ತರಿಸಲಿಲ್ಲ. "ಭಾವ, ಒಂದು ಕೇಳ್ತೀನಿ. ಈ ಮನೇಲಿ ರಾಹುಕಾಲದಲ್ಲಿ ಬರೀಬಾರ್ದು ಅಂತ ನಂಗೆ ಹೇಳ್ಕೊಟ್ಟಿದ್ದು ಯಾರು?"

"ನಮ್ಮಪ್ಪನ ಕಾಲದಿಂದ ಬಂದದ್ದು."

"ಹಂಗಿದ್ರೆ ನಾನು ಕಾದಿದ್ದಕ್ಕೆ ನನ್ ಕೈ ಕಟ್ಟಾಕದು ಯಾಕೆ?"

"ಕೈ ಯಾರು ಕಟ್ಟಿದರು? ಅಂಗಡಿ ನಿನ್ನದೇ ಐತೆ. ನೋಡು, ಗಿರಾಕಿ ಹತ್ರ ಮಾತಾಡು, ನಮಗೆ ಹೇಳು. ತಪ್ಪು ನಿನ್ನದು ಅಂತ ನಾನು ಅಂದೆನಾ?"

"ಅನ್ನಲಿಲ್ಲ," ಅಂದಳು ಅವಳು. ಅಷ್ಟೆ.

ಅನ್ನಬೇಕಾಗಿತ್ತು ಎಂದು ನನಗೆ ಈಗ ಅನಿಸುತ್ತದೆ. ತಪ್ಪು ನಿನ್ನದು ಎಂದಿದ್ದರೆ ಅವಳು ಅಲ್ಲ ಎನ್ನಬಹುದಿತ್ತು, ಜಗಳವಾಡಬಹುದಿತ್ತು, ಅತ್ತೆ ಬಯ್ಯಬಹುದಿತ್ತು, ಸಂಜೆಗೆ ತಣ್ಣಗಾಗಬಹುದಿತ್ತು. ತಪ್ಪಿಲ್ಲ ಎಂದು ಹೇಳಿ ಶಿಕ್ಷೆ ಕೊಟ್ಟರೆ ಎಲ್ಲಿಂದ ಮಾತು ಶುರು ಮಾಡುವುದು?

ಕಂಪ್ಯೂಟರಿನವರು ಒಂದು ಸಲ ನನ್ನ ಮುಖ ನೋಡಿದರು, ಒಂದು ಸಲ ಯಜಮಾನರ ಮುಖ ನೋಡಿದರು. ಹತ್ತು ನಿಮಿಷದ ಕೆಲಸ ಎಂದವರು ಸಂಜೆಯವರೆಗೂ ಮಾಡಿದರು, ನಡುವೆ ಯಾರಾದರೂ ಬೇಡ ಎಂದು ಹೇಳಲಿ ಎಂದು ಕಾದಂತೆ. ಯಾರೂ ಹೇಳಲಿಲ್ಲ. ಸರಿಯಾಗಿದೆಯೋ ನೋಡಲು ಸೊರಬದವಳು ಬಳಸುವ ಗುಟ್ಟಿನ ಪದವನ್ನೇ ಕೇಳಿ, ಅವಳ ಹೆಸರಿನಲ್ಲೇ ಒಳಗೆ ಹೋಗಿ ತೋರಿಸಿದರು. ದಿನ ತೆರೆಯಿತು. ಹೆಸರು, ಊರು, ಪಾತ್ರೆ, ಎಲ್ಲ ಕಂಡವು. ಒಂದು ಅಕ್ಷರ ಒತ್ತಿದರೆ ಟಿಕ್ ಎಂದು ಸದ್ದು ಬಂದು ಏನೂ ಮೂಡಲಿಲ್ಲ.

"ಷರಾದಲ್ಲೂ ಬರೆಯಕ್ಕಾಗಲ್ವಾ?" ಎಂದು ಅವಳು ಕೇಳಿದಳು.

"ಇಲ್ಲಮ್ಮ. ಹಾಳೆ ಪೂರ್ತಿ ಒಂದೇ. ಕಲಂ ಬೇರೆ ಬೇರೆ ಮಾಡಕ್ಕೆ ಬರಲ್ಲ ಇದರಲ್ಲಿ."

ಅವಳು ತಲೆಯಾಡಿಸಿದಳು. ನಾನು ಯಜಮಾನರ ಮುಖ ನೋಡಿದೆ. ಆಷಾಢದ ಹಾಳೆ ಅವರಿಗೂ ನೆನಪಾಗಿತ್ತು, ಅದು ಮುಖದಲ್ಲಿ ಕಂಡಿತು. ಬಾಯಿ ತೆರೆದರು ಕೂಡ. ಆದರೆ ಕಂಪ್ಯೂಟರಿನವರು ಬಸ್ಸಿಗೆ ಹೊತ್ತಾಯಿತೆಂದು ಎದ್ದರು, ಅವರನ್ನು ಕಳಿಸಲು ಇವರೂ ಎದ್ದು ಹೋದರು.

ಮುಂದಿನದು ಬೇಗ ಹೇಳಬಹುದು. ಕೆಲವು ವಾರ ಅವಳು ಸೊರಬದಿಂದ ಹಚ್ಚಿ ನೋಡುತ್ತಿದ್ದಳು. ಒಳಗೆ ಬಂದವರ ಹೆಸರು ಪರದೆಯ ಕೆಳಗೆ ಬರುತ್ತಿತ್ತು, ಅದರಿಂದ ನನಗೆ ಗೊತ್ತಾಗುತ್ತಿತ್ತು. ನಾನು ಆಷಾಢದ ಹಾಳೆಯಲ್ಲಿ ಒಂದೊಂದು ಸಾಲು ಬರೆಯುತ್ತಿದ್ದೆ. ಅವಳು ಓದಿದಳೋ ಇಲ್ಲವೋ, ಉತ್ತರ ಬರೆಯಲು ದಾರಿಯಿರಲಿಲ್ಲ. ನಾನೇ ಫೋನು ಮಾಡಿದರೆ ಬುಕಿಂಗ್ ಮಾತ್ರ ಹೇಳಿ ಇಡುತ್ತಿದ್ದಳು. ಆಮೇಲೆ ಹೆಸರು ಬರುವುದೂ ನಿಂತಿತು. ಅವಳ ತವರಿನವರು ಒಂದು ಶಾಮಿಯಾನ, ಒಂದು ಸೆಟ್ಟು ಪಾತ್ರೆ ಕೊಡಿಸಿದರು. ಮೈದುನ ನಮ್ಮ ಟೆಂಪೋದ ಕೀಲಿಯನ್ನು ಅಣ್ಣನ ಮುಂದಿಟ್ಟು, ಕಾಲಿಗೆ ನಮಸ್ಕಾರ ಮಾಡಿ ಹೋದ. ಸೊರಬದ ಅಂಗಡಿಗೆ ಬೇರೆ ಬೋರ್ಡು ಬಂತು. ಅಲ್ಲಿ ಈಗಲೂ ಪುಸ್ತಕದಲ್ಲೇ ಬರೆಯುತ್ತಾರೆ, ರಾಹುಕಾಲ ಕಳೆದ ಮೇಲೆ. ಹಬ್ಬಕ್ಕೆ ಹೋಗಿ ಬರುತ್ತೇವೆ. ಎಲ್ಲರೂ ಚೆನ್ನಾಗಿಯೇ ಮಾತಾಡುತ್ತೇವೆ. ಒಂದು ಪಟ್ಟಿಯನ್ನು ಮೂರು ಜಾಗದಿಂದ ಹಿಡಿದಿದ್ದ ಆ ದಿನಗಳ ಮಾತನ್ನು ಮಾತ್ರ ಯಾರೂ ಎತ್ತುವುದಿಲ್ಲ. ಯಜಮಾನರು ಒಂದೇ ಒಂದು ಸಲ, ಏನೋ ಬೇರೆ ಮಾತಿನ ನಡುವೆ, "ಆ ಗುರುತು ಇಡಿಸಬಹುದಿತ್ತು," ಅಂದರು. ನಾನು ಹೂಂ ಅಂದೆ.

ಆ ಭಾನುವಾರ ಸೊರಬದ ಕಡೆಯ ಬಸ್ಸು ಹೋಗಿಬಿಟ್ಟಿತ್ತು, ಟೆಂಪೋದ ಲೈಟು ಕೆಟ್ಟಿತ್ತು. ಅತ್ತೆ ಇಲ್ಲೇ ಉಳಿಯಿರಿ ಎಂದರು, ಉಳಿದರು. ದೀಪ ಹಚ್ಚಿದ ಮೇಲೆ ಅನ್ನ ಮಾಡಿದೆ, ಹುರುಳಿ ಸಾರು ಮಾಡಿದೆ, ಹಪ್ಪಳ ಸುಟ್ಟೆ. ಕೊನೆಗೆ ಮಜ್ಜಿಗೆ. ವಾರಗಿತ್ತಿ ಬಡಿಸಲು ಬಂದಳು, ಭಾವನಿಗೆ ಎರಡನೇ ಸಲ ಸಾರು ಹಾಕಿದಳು, ಅವರು ಸಾಕು ಎಂದು ಕೈ ಅಡ್ಡ ಹಿಡಿದರು. ನಾವಿಬ್ಬರೂ ಕೊನೆಗೆ ಕೂತು ಉಂಡೆವು. ಉಪ್ಪು ಸರಿಯಿದೆಯಾ ಎಂದು ಕೇಳಿದೆ, ಇದೆ ಅಂದಳು. ನಾನು ಒಲೆಯ ಸುತ್ತ ಒರೆಸಿ, ಹಾಲಿಗೆ ಹೆಪ್ಪು ಹಾಕಿ ಬರುವುದರೊಳಗೆ ಅವಳು ಅತ್ತೆಯ ಕೋಣೆಯಲ್ಲಿ ಚಾಪೆ ಹಾಸಿಕೊಂಡು ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಿದ್ದಳು. ಮನೆಯಲ್ಲಿ ಮೊದಲು ಮಲಗಿದವಳು ಅವಳೇ. ನಿದ್ದೆ ಬಂದಿತ್ತೋ ಇಲ್ಲವೋ, ನಾನು ಕರೆಯಲಿಲ್ಲ.